ನೆರವಾದವಳು: ಒಂದು ಹಳೆಯ ಪದದ ವಿಚಾರ

(ಧರ್ಮಕೇಂದ್ರದ ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ಮಹಿಳಾ ಸಮಾವೇಶದಲ್ಲಿ ಮಾಡಿದ ಭಾಷಣದ ಪಾಠ)



ಈ ಸಮಾವೇಶದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಶತಮಾನೋತ್ಸವ ಸಮಿತಿಯವರು ನನ್ನನ್ನು ಕೇಳಿಕೊಂಡಾಗ, ಯಾವ ವಿಷಯವನ್ನು ಆರಿಸಿಕೊಳ್ಳಲಿ ಎಂದು ನಾನು ಬಹಳ ಯೋಚಿಸಿದೆ. ಕೊನೆಗೆ ವಿಷಯ ದೊರೆತದ್ದು ಒಂದು ಹಳೆಯ ಪುಸ್ತಕದಲ್ಲಿ. ನಮ್ಮ ಗುರುಮನೆಯ ಕಪಾಟಿನಲ್ಲಿ ಗೆದ್ದಲಿನಿಂದ ಪಾರಾಗಿ ಉಳಿದಿರುವ ಡೂಏ-ರೀಮ್ಸ್ ಇಂಗ್ಲಿಷ್ ಬೈಬಲಿನ ಪ್ರತಿಯೊಂದಿದೆ. ಇದರ ಹೊಸ ಒಡಂಬಡಿಕೆಯು ಮೊದಲು ಅಚ್ಚಾದದ್ದು 1582ರಲ್ಲಿ, ಫ್ರಾನ್ಸಿನ ರೀಮ್ಸ್ ನಗರದಲ್ಲಿ. ಸ್ವದೇಶದಲ್ಲಿ ಬಹಿರಂಗವಾಗಿ ಪೂಜೆ ನಡೆಸಲಾರದೆ ದೇಶ ಬಿಟ್ಟಿದ್ದ ಇಂಗ್ಲಿಷ್ ಕಥೋಲಿಕ ವಿದ್ವಾಂಸರು ಅದನ್ನು ಲತೀನಿನಿಂದ ಭಾಷಾಂತರಿಸಿದರು. ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಮೂರನೆಯ ಅಧ್ಯಾಯದಲ್ಲಿ, ನಾವು ದೇವರ ಜೊತೆಗೆಲಸದವರು ಎನ್ನುವ ಸ್ಥಳದಲ್ಲಿ, ಆ ಭಾಷಾಂತರಕಾರರು ಬಳಸಿರುವ ಪದ ‘ಕೊಅಡ್ಜುಟರ್’. ಇದರ ಅರ್ಥವನ್ನು ಖಚಿತಪಡಿಸಿಕೊಳ್ಳಲು ನಿಘಂಟನ್ನು ತೆರೆದಾಗ, ಅದರ ಕೆಳಗೇ ಇನ್ನೊಂದು ಪದ ಕಣ್ಣಿಗೆ ಬಿತ್ತು: ‘ಕೊಅಡ್ಜುಟ್ರಿಕ್ಸ್’. ಅರ್ಥ: ಸಹಾಯಕಿ, ಸಹಕಾರಿಣಿ, ಅಧಿಕಾರಿಯ ಪರವಾಗಿ ಕೆಲಸ ನಡೆಸುವ ಹೆಂಗಸು. ಮುಂದೆ ‘ಈಗ ಬಳಕೆಯಲ್ಲಿಲ್ಲ’ ಎಂಬ ಸೂಚನೆ.

ಬಳಕೆ ತಪ್ಪಿದ ಈ ಪದವೇ ನನ್ನ ಇಂದಿನ ವಿಷಯ. ಪದ ಸತ್ತರೂ ಪದ ಸೂಚಿಸಿದ ವ್ಯಕ್ತಿ ಸತ್ತಿಲ್ಲ. ಆಕೆ ಇಂದು ಈ ಸಭಾಂಗಣದಲ್ಲಿ ನನ್ನೆದುರಿಗೇ ಕುಳಿತಿದ್ದಾಳೆ.

ಮೊದಲು ಪದದ ರಚನೆಯನ್ನು ನೋಡೋಣ. ಲತೀನಿನಲ್ಲಿ ‘ಯುವಾರೆ’ ಎಂದರೆ ನೆರವಾಗು. ಅದಕ್ಕೆ ‘ಅಡ್’ ಎಂಬ ಉಪಸರ್ಗ ಸೇರಿದರೆ ಹತ್ತಿರ ಬಂದು ನೆರವಾಗು ಎಂದಾಗುತ್ತದೆ. ಇನ್ನೂ ಮುಂದೆ ‘ಕೊ’ ಸೇರಿದರೆ ಜೊತೆಗೂಡಿ, ಹತ್ತಿರ ಬಂದು ನೆರವಾಗು ಎಂಬ ತುಂಬು ಅರ್ಥ ಬರುತ್ತದೆ. ಹಾಗೆ ನೆರವಾಗುವ ಗಂಡಸಿಗೆ ‘ಟೊರ್’ ಪ್ರತ್ಯಯ, ಹೆಂಗಸಿಗೆ ‘ಟ್ರಿಕ್ಸ್’ ಪ್ರತ್ಯಯ. ನಮ್ಮ ಕನ್ನಡದಲ್ಲಿ ಗೆಳೆಯನಿಗೆ ಗೆಳತಿ, ಒಡೆಯನಿಗೆ ಒಡತಿ, ಒಕ್ಕಲಿಗನಿಗೆ ಒಕ್ಕಲಗಿತ್ತಿ ಇದ್ದಂತೆ. ಉಯಿಲನ್ನು ಜಾರಿಗೊಳಿಸುವ ಹೆಂಗಸನ್ನು ‘ಎಕ್ಸಿಕ್ಯೂಟ್ರಿಕ್ಸ್’ ಎಂದು ಹಳೆಯ ದಸ್ತಾವೇಜುಗಳಲ್ಲಿ ಕರೆದಿರುವುದನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಅದೂ ಇದೇ ಕುಲದ ಪದ.

ಈ ಪದಕ್ಕೆ ಮೊದಲು ಸಿಕ್ಕ ಗೌರವ ಮಠದಲ್ಲಿ ಸಿಕ್ಕಿದ್ದಲ್ಲ, ರಣರಂಗದಲ್ಲಿ. ಕ್ರಿ.ಶ. 68ರಲ್ಲಿ ರೋಮಿನ ಚಕ್ರವರ್ತಿ ನೀರೊ ಮಿಸೇನುಮ್ ಎಂಬಲ್ಲಿದ್ದ ನೌಕಾಪಡೆಯವರನ್ನು ಕೂಡಿಸಿ ಒಂದು ಹೊಸ ಸೇನಾದಳವನ್ನು ಕಟ್ಟಿದನು. ಅದರ ಹೆಸರು ಒಂದನೆಯ ‘ಅಡ್ಯೂಟ್ರಿಕ್ಸ್’ ದಳ. ಕ್ರಿ.ಶ. 70ರಲ್ಲಿ ವೆಸ್ಪಾಸಿಯನನ ಕಾಲಕ್ಕೆ ರವೆನ್ನಾದ ನಾವಿಕರಿಂದ ಎರಡನೆಯ ದಳ ಹುಟ್ಟಿತು. ಲತೀನಿನಲ್ಲಿ ಸೇನಾದಳವೆಂಬ ಪದ ಸ್ತ್ರೀಲಿಂಗವಾದುದರಿಂದ, ಸಾವಿರಾರು ಗಂಡಸರ ಪಡೆಗೆ ‘ನೆರವಾಗುವವಳು’ ಎಂಬ ಹೆಸರು ಬಂತು! ಆ ಯೋಧರಿಗೆ ಅದರಿಂದ ಅವಮಾನವಾಗಲಿಲ್ಲ. ಧ್ವಜದಲ್ಲಿ ಅದನ್ನೇ ಹೊತ್ತು ಡಾನ್ಯೂಬ್ ನದಿಯ ಗಡಿಯನ್ನು ಬಹುಕಾಲ ಕಾದರು. ನಮ್ಮಲ್ಲಿಯೂ ಈ ಪದದ ಪಳೆಯುಳಿಕೆಯೊಂದಿದೆ. 1921ರಲ್ಲಿ ಡಬ್ಲಿನ್ ನಗರದಲ್ಲಿ ಫ್ರಾಂಕ್ ಡಫ್ ಆರಂಭಿಸಿದ ಮರಿಯ ಸೇನೆಯು ರೋಮನ್ ಸೈನ್ಯದ ಪರಿಭಾಷೆಯನ್ನೇ ಎರವಲು ಪಡೆದಿದೆ. ಅದರ ಸಹಾಯಕ ಸದಸ್ಯರಲ್ಲಿ ದಿನನಿತ್ಯ ಬಲಿಪೂಜೆಯಲ್ಲಿ ಭಾಗವಹಿಸಿ, ಪರಮಪ್ರಸಾದ ಸ್ವೀಕರಿಸಿ, ಧರ್ಮಸಭೆಯ ನಿತ್ಯವಿಧಿಯ ಪ್ರಾರ್ಥನೆಗಳನ್ನು ಹೇಳುವವರಿಗೆ ‘ಅಡ್ಜುಟೋರಿಯನ್’ ಎಂದೇ ಹೆಸರು.

ಇನ್ನು ಧರ್ಮಸಭೆಯೊಳಗೆ ಈ ಪದ ನಡೆದು ಬಂದ ದಾರಿಯನ್ನು ನೋಡಿ. ಇಲ್ಲಿ ಪುರುಷ ರೂಪ ಒಂದು ಕಡೆಗೂ ಸ್ತ್ರೀ ರೂಪ ಇನ್ನೊಂದು ಕಡೆಗೂ ಹೋಯಿತು. ಧರ್ಮಾಧ್ಯಕ್ಷರಿಗೆ ನೆರವಾಗಲು, ಉತ್ತರಾಧಿಕಾರದ ಹಕ್ಕಿನೊಡನೆ ಪೋಪ್ ಜಗದ್ಗುರುಗಳು ನೇಮಿಸುವ ಧರ್ಮಾಧ್ಯಕ್ಷರೇ ‘ಕೊಅಡ್ಜುಟರ್’. ಪೀಠ ತೆರವಾದ ಕ್ಷಣವೇ ಅವರು ಅದರ ಧರ್ಮಾಧ್ಯಕ್ಷರಾಗುತ್ತಾರೆಂದು 1983ರ ಧರ್ಮಸಂಹಿತೆ ಹೇಳುತ್ತದೆ. ಅಂದರೆ ಸಹಾಯಕ ಸ್ಥಾನವು ಪೀಠಕ್ಕೆ ಏರುವ ಮೆಟ್ಟಿಲು.

ಸ್ತ್ರೀ ರೂಪ ಹೋದದ್ದು ಮಠದ ಅಡುಗೆಮನೆಗೆ. ಸಂತ ಮ್ಯಾಗ್ಡಲೀನ್ ಸೋಫಿ ಬರಾ ಅವರು 1800ರಲ್ಲಿ ಫ್ರಾನ್ಸಿನಲ್ಲಿ ಆರಂಭಿಸಿದ ಪವಿತ್ರ ಹೃದಯದ ಸಂಸ್ಥೆಯನ್ನು ನೀವು ಬಲ್ಲಿರಿ. ಬೆಂಗಳೂರಿನ ಸೋಫಿಯಾ ಶಾಲೆ ಆ ಭಗಿನಿಯರದೇ. ಆ ಸಂಸ್ಥೆಯಲ್ಲಿ ಹಿಂದೆ ಎರಡು ವರ್ಗಗಳಿದ್ದವು. ಗಾಯನಪೀಠದಲ್ಲಿ ಕುಳಿತು ನಿತ್ಯವಿಧಿಯ ಪ್ರಾರ್ಥನೆ ಹೇಳುತ್ತ, ಶಾಲೆಯಲ್ಲಿ ಪಾಠ ಕಲಿಸುತ್ತಿದ್ದವರು ಒಂದು ವರ್ಗ. ಅಡುಗೆ, ಬಟ್ಟೆ ಒಗೆತ, ತೋಟ, ಬಾಗಿಲು ಕಾಯುವಿಕೆ ಇವುಗಳನ್ನು ನೋಡಿಕೊಳ್ಳುತ್ತಿದ್ದವರು ಇನ್ನೊಂದು ವರ್ಗ. ಈ ಎರಡನೆಯವರ ಹೆಸರೇ ‘ಕೊಅಡ್ಜುಟ್ರಿಕ್ಸ್’ ಭಗಿನಿಯರು.

ನ್ಯಾಯವಾಗಿ ಹೇಳಬೇಕಾದರೆ, ಈ ಏರ್ಪಾಡು ಹೆಂಗಸರಿಗೆ ಮಾತ್ರ ಇದ್ದುದಲ್ಲ. ಯೇಸುಸಭೆಯಲ್ಲಿ ಪೋಪ್ ಮೂರನೆಯ ಪೌಲರು 1546ರಲ್ಲಿ ಸಹಾಯಕರ ವರ್ಗಕ್ಕೆ ಅನುಮತಿ ಕೊಟ್ಟರು. ಹಾಗೆ ಸೇರಿದ ಸಹೋದರರಲ್ಲೊಬ್ಬರು ಮಯೋರ್ಕಾ ದ್ವೀಪದ ಕಾಲೇಜಿನಲ್ಲಿ ದ್ವಾರಪಾಲಕರಾಗಿದ್ದ ಅಲ್ಫೋನ್ಸುಸ್ ರೊಡ್ರಿಗಸ್. ಬಾಗಿಲ ಗಂಟೆ ಬಾರಿಸಿದಾಗಲೆಲ್ಲ ಯೇಸುಸ್ವಾಮಿಯೇ ಬಂದರೆಂಬ ಭಾವದಿಂದ ಬಾಗಿಲು ತೆರೆಯುತ್ತಿದ್ದ ಆ ಮುದುಕರನ್ನು 1888ರಲ್ಲಿ ಸಂತಪದವಿಗೇರಿಸಲಾಯಿತು. ಅವರಿಂದ ಸಲಹೆ ಪಡೆದು, ಮುಂದೆ ಅಮೆರಿಕದಲ್ಲಿ ಗುಲಾಮರ ಸೇವೆ ಮಾಡಿದ ಪೇತ್ರ ಕ್ಲಾವೇರ್ ಅವರಿಗೂ ಅದೇ ದಿನ ಅದೇ ಗೌರವ ದೊರೆಯಿತು. ಬಾಗಿಲು ಕಾಯುವ ಕೆಲಸದಲ್ಲಿ ಕೀಳಿಲ್ಲ. ಕೀಳು ಇರುವುದು, ಕೆಲಸವನ್ನು ಕಂಡು ಮನುಷ್ಯರನ್ನು ಎರಡು ಸಾಲಿನಲ್ಲಿ ಕೂರಿಸುವುದರಲ್ಲಿ.

ಆ ಎರಡು ಸಾಲುಗಳನ್ನು ಧರ್ಮಸಭೆಯೇ ಒಂದು ಮಾಡಿತು. ಪವಿತ್ರ ಹೃದಯದ ಭಗಿನಿಯರು 1964ರ ತಮ್ಮ ಮಹಾಧಿವೇಶನದಲ್ಲಿ ವರ್ಗಭೇದವನ್ನು ತೆಗೆದುಹಾಕಿದರು. ಮರುವರ್ಷ, 1965ರ ಅಕ್ಟೋಬರ್ 28ರಂದು, ದ್ವಿತೀಯ ವ್ಯಾಟಿಕನ್ ಮಹಾಸಭೆಯು ಸನ್ಯಾಸ ಜೀವನದ ನವೀಕರಣದ ಬಗ್ಗೆ ಹೊರಡಿಸಿದ ಆಜ್ಞೆಯಲ್ಲಿ, ಮಹಿಳೆಯರ ಮಠಗಳಲ್ಲಿ ಭಗಿನಿಯರೆಲ್ಲರೂ ಒಂದೇ ವರ್ಗದವರಾಗಬೇಕೆಂದು ಅಪೇಕ್ಷಿಸಿತು. ಹೀಗೆ ‘ಕೊಅಡ್ಜುಟ್ರಿಕ್ಸ್’ ಎಂಬ ಹೆಸರು ಮಠದಿಂದಲೂ ಮರೆಯಾಯಿತು. ಒಳ್ಳೆಯದೇ ಆಯಿತು. ಆದರೆ ಪದದೊಂದಿಗೆ ಅದರೊಳಗಿನ ದೊಡ್ಡ ಅರ್ಥವನ್ನೂ ನಾವು ಕಳೆದುಕೊಳ್ಳಬಾರದು.

ಆ ದೊಡ್ಡ ಅರ್ಥ ಎಲ್ಲಿದೆ? ಪವಿತ್ರ ಗ್ರಂಥದ ಮೊದಲ ಪುಟಗಳಲ್ಲೇ ಇದೆ. ಆದಿಕಾಂಡದ ಎರಡನೆಯ ಅಧ್ಯಾಯದಲ್ಲಿ, ಮನುಷ್ಯನು ಒಂಟಿಯಾಗಿರುವುದು ಒಳ್ಳೆಯದಲ್ಲವೆಂದು ಕಂಡ ದೇವರು ಅವನಿಗೆ ಸರಿಸಾಟಿಯಾದ ನೆರವೊಂದನ್ನು ಕೊಡಲು ಸಂಕಲ್ಪಿಸುತ್ತಾರೆ. ಹೀಬ್ರೂ ಭಾಷೆಯಲ್ಲಿ ಇಲ್ಲಿರುವ ಪದ ‘ಏಜೆರ್’. ನೆರವು ಎಂದೊಡನೆ ನಮ್ಮ ಮನಸ್ಸಿಗೆ ಕೈಕೆಳಗಿನ ಆಳು ಬರುತ್ತಾನೆ. ಆದರೆ ಹಳೆಯ ಒಡಂಬಡಿಕೆಯಲ್ಲಿ ಇದೇ ಪದ ಹೆಚ್ಚಿನ ಕಡೆಗಳಲ್ಲಿ ಬಂದಿರುವುದು ಸ್ವತಃ ದೇವರನ್ನು ಕುರಿತು. ಬೆಟ್ಟಗಳತ್ತ ಕಣ್ಣೆತ್ತಿ ನೋಡುವ ಕೀರ್ತನಕಾರನು, ತನಗೆ ನೆರವು ಬರುವುದು ಸರ್ವೇಶ್ವರನಿಂದಲೇ ಎಂದು 121ನೆಯ ಕೀರ್ತನೆಯಲ್ಲಿ ಹಾಡುವಾಗ ಬಳಸುವುದು ಇದೇ ಪದಮೂಲವನ್ನು. ಪ್ರವಾದಿ ಸಮುವೇಲನು ಜಯದ ಗುರುತಾಗಿ ನೆಟ್ಟ ಕಲ್ಲಿನ ಹೆಸರು ಎಬೆನೆಜೆರ್, ಅಂದರೆ ನೆರವಿನ ಕಲ್ಲು; ಅದರಲ್ಲಿಯೂ ಇದೇ ಪದ.

ಎಪ್ಪತ್ತು ದಾಟಿದ ಹಿರಿಯರಿಗೆ ಲತೀನ್ ಬಲಿಪೂಜೆಯ ನೆನಪಿರಬಹುದು. ಪೀಠದ ಬುಡದಲ್ಲಿ ನಿಂತು, ಶಿಲುಬೆಯ ಗುರುತು ಹಾಕಿಕೊಂಡು, ನಮ್ಮ ನೆರವು ಸರ್ವೇಶ್ವರನ ನಾಮದಲ್ಲಿದೆ ಎಂದು ಗುರುಗಳು ಹೇಳುವಾಗ ‘ಅಡ್ಯುಟೋರಿಯುಮ್’ ಎಂಬ ಪದ ನಮ್ಮ ಕಿವಿಗೆ ಬೀಳುತ್ತಿತ್ತು. ಸಂತ ಜೆರೋಮರ ಲತೀನ್ ಬೈಬಲಿನಲ್ಲಿ ಮೊದಲ ಸ್ತ್ರೀಯನ್ನು ಕುರಿತು ಬಳಸಿರುವ ಪದವೂ ಅದೇ, ‘ಅಡ್ಯುಟೋರಿಯುಮ್’. ದೇವರಿಗೆ ಸಲ್ಲುವ ಪದವನ್ನೇ ಹವ್ವಳಿಗೂ ಸಲ್ಲಿಸಿದ ಮೇಲೆ, ‘ಸಹಾಯಕಿ’ ಎಂಬುದು ಚಿಕ್ಕ ಮಾತೆಂದು ಹೇಳಲು ನಾವು ಯಾರು?

ಸಂತ ಪೌಲರು ರೋಮನರಿಗೆ ಬರೆದ ಪತ್ರದ ಕೊನೆಯ ಅಧ್ಯಾಯವನ್ನು ನಾವು ಸಾಮಾನ್ಯವಾಗಿ ಬರಿಯ ಹೆಸರುಗಳ ಪಟ್ಟಿಯೆಂದು ದಾಟಿಬಿಡುತ್ತೇವೆ. ದಾಟಬೇಡಿ. ಅಲ್ಲಿ ಮೊದಲ ಹೆಸರೇ ಕೆಂಖ್ರೆಯ ಸಭೆಯ ಸೇವಕಿ ಫೆಬೆಯದು. ಆಕೆ ಅನೇಕರಿಗೂ ತನಗೂ ಆಸರೆಯಾಗಿದ್ದವಳಾದ್ದರಿಂದ, ಆಕೆಗೆ ಬೇಕಾದ ನೆರವನ್ನು ಕೊಡಬೇಕೆಂದು ಪೌಲರು ಕೇಳುತ್ತಾರೆ. ಆ ಪತ್ರವನ್ನು ರೋಮಿಗೆ ಒಯ್ದವಳು ಆಕೆಯೇ ಇರಬೇಕೆಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಅನಂತರ ಪ್ರಿಸ್ಕಳ ಹೆಸರು, ಗಂಡ ಅಕ್ವಿಲನ ಹೆಸರಿಗಿಂತ ಮೊದಲು! ತಮ್ಮ ಪ್ರಾಣವನ್ನೇ ಒಡ್ಡಿ ಪೌಲರನ್ನು ಉಳಿಸಿದ ಆ ದಂಪತಿಗಳನ್ನು ಅವರು ಜೊತೆಗೆಲಸದವರೆಂದು ಕರೆಯುತ್ತಾರೆ. ಲತೀನ್ ಬೈಬಲಿನಲ್ಲಿ ಆ ಪದ ‘ಅಡ್ಯುಟೋರೆಸ್’. ನೆರವಾದವರ ಹೆಸರನ್ನು ಬರೆದಿಡುವುದು ಪ್ರೇಷಿತರ ಕಾಲದಿಂದ ಬಂದ ಪದ್ಧತಿ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಈ ಮಾತಿಗೆ ಕೊನೆಯಲ್ಲಿ ಮರಳುತ್ತೇನೆ.

ನೆರವಾದವರಲ್ಲೆಲ್ಲ ಶ್ರೇಷ್ಠಳು ನಮ್ಮ ಮಾತೆ ಮರಿಯಮ್ಮನವರು. 1964ರ ನವೆಂಬರ್ 21ರಂದು ಪ್ರಕಟವಾದ ಧರ್ಮಸಭೆಯ ಸಂವಿಧಾನದ 62ನೆಯ ಪರಿಚ್ಛೇದದಲ್ಲಿ, ವಿಶ್ವಾಸಿಗಳು ಆಕೆಯನ್ನು ಕರೆಯುವ ನಾಲ್ಕು ಬಿರುದುಗಳನ್ನು ಮಹಾಸಭೆ ಎತ್ತಿ ಹೇಳಿದೆ. ಅವುಗಳಲ್ಲೊಂದು ‘ಅಡ್ಯೂಟ್ರಿಕ್ಸ್’. ಮಠದ ಅಡುಗೆಮನೆಯ ಭಗಿನಿಯ ಹೆಸರೂ ಸ್ವರ್ಗದ ರಾಣಿಯ ಬಿರುದೂ ಒಂದೇ ಬೇರಿನವು! ಆದರೆ ಅಲ್ಲೇ ಮಹಾಸಭೆ ಎಚ್ಚರಿಕೆಯನ್ನೂ ಕೊಟ್ಟಿದೆ: ಏಕಮಾತ್ರ ಮಧ್ಯಸ್ಥರಾದ ಕ್ರಿಸ್ತರ ಮಹಿಮೆಗೆ ಈ ಬಿರುದುಗಳು ಏನನ್ನೂ ಕೂಡಿಸುವುದಿಲ್ಲ, ಏನನ್ನೂ ಕಳೆಯುವುದಿಲ್ಲ. 2025ರ ನವೆಂಬರ್‌ನಲ್ಲಿ ವಿಶ್ವಾಸ ಸಿದ್ಧಾಂತದ ರೋಮನ್ ಇಲಾಖೆ ಹೊರಡಿಸಿದ ಟಿಪ್ಪಣಿಯೂ ಇದೇ ಜಾಡಿನದು. ಮರಿಯಮ್ಮನವರನ್ನು ‘ಸಹ-ವಿಮೋಚಕಿ’ ಎಂದು ಕರೆಯುವುದು ಸೂಕ್ತವಲ್ಲವೆಂದು ಅದು ತಿಳಿಸಿತು. ಇದರಿಂದ ನಮ್ಮ ತಾಯಿಯ ಗೌರವ ಕುಂದಿತೆಂದು ಯಾರೂ ನೊಂದುಕೊಳ್ಳಬೇಕಾಗಿಲ್ಲ. ಕಾನಾ ಊರಿನ ಮದುವೆಯಲ್ಲಿ ದ್ರಾಕ್ಷಾರಸ ತೀರಿದ್ದನ್ನು ಕಂಡವಳು ಆಕೆ. ಆಳುಗಳನ್ನು ಮಗನ ಕಡೆಗೆ ಕಳುಹಿಸಿದವಳು ಆಕೆ. ಅದ್ಭುತ ಮಾಡಿದವರು ಯೇಸುಸ್ವಾಮಿ. ನೆರವಿನ ಮಹಿಮೆ ಇರುವುದು ಅಲ್ಲಿಯೇ. ತನ್ನತ್ತ ನೋಡಿರೆನ್ನದೆ, ಕೊರತೆಯನ್ನು ಮೊದಲು ಕಂಡು, ಪೂರೈಸಬಲ್ಲವರ ಕಡೆಗೆ ಅದು ಕೈತೋರಿಸುತ್ತದೆ.

ಇದೆಲ್ಲ ದೂರದ ಕಥೆಯಾಯಿತೆನ್ನುವಿರಾ? ಹಾಗಾದರೆ ನಮ್ಮ ಮಂಗಳೂರಿಗೇ ಬನ್ನಿ. 1846ರಲ್ಲಿ ಗಲಿಲೇಯದ ಇಬಿಲ್ಲಿನ್ ಎಂಬ ಹಳ್ಳಿಯಲ್ಲಿ ಮರಿಯಮ್ ಬವಾರ್ದಿ ಎಂಬ ಹೆಣ್ಣುಮಗು ಹುಟ್ಟಿತು. ಎಳೆವಯಸ್ಸಿನಲ್ಲೇ ತಂದೆತಾಯಿಗಳನ್ನು ಕಳೆದುಕೊಂಡ ಆಕೆ ಊರೂರು ತಿರುಗಿ ಮನೆಗೆಲಸ ಮಾಡಿ ಬದುಕಿದಳು. 1867ರಲ್ಲಿ ಫ್ರಾನ್ಸಿನ ಪೋ ನಗರದ ಕಾರ್ಮೆಲ್ ಮಠವನ್ನು ಸೇರಿದಳು. ಓದುಬರಹ ಬಾರದ ಆಕೆ ಅಲ್ಲಿ ಬಾಳಿದ್ದು ಗಾಯನಪೀಠದ ಭಗಿನಿಯಾಗಿ ಅಲ್ಲ, ಮನೆಗೆಲಸದ ಭಗಿನಿಯಾಗಿ. ಕಾರ್ಮೆಲ್ ಮಠದಲ್ಲಿ ಅವರಿಗೆ ‘ಕೊಅಡ್ಜುಟ್ರಿಕ್ಸ್’ ಎಂಬ ಹೆಸರಿರಲಿಲ್ಲ. ಆದರೆ ಸ್ಥಾನ ಅದೇ. 1870ರ ಆಗಸ್ಟಿನಲ್ಲಿ, ಇನ್ನೂ ನವಶಿಷ್ಯೆಯಾಗಿದ್ದಾಗಲೇ, ಮಂಗಳೂರಿನಲ್ಲಿ ಕಾರ್ಮೆಲ್ ಮಠವನ್ನು ಸ್ಥಾಪಿಸಲು ಹೊರಟ ಭಗಿನಿಯರೊಡನೆ ಹಡಗು ಹತ್ತಿದಳು. ದಾರಿಯಲ್ಲೇ ಮೂವರು ಭಗಿನಿಯರು ತೀರಿಕೊಂಡರು. ಉಳಿದವರು ಮಂಗಳೂರು ಸೇರಿದರು. ಹೊಸ ಮಠದ ಭಾರವಾದ ಕೆಲಸಗಳ ನಡುವೆ ಆಕೆ 1871ರ ನವೆಂಬರ್ 21ರಂದು ಮಂಗಳೂರಿನಲ್ಲೇ ವ್ರತಸ್ವೀಕಾರ ಮಾಡಿದಳು. ಮುಂದೆ ಆಕೆಯ ವಿಷಯದಲ್ಲಿ ತಪ್ಪು ತಿಳಿವಳಿಕೆ ಬೆಳೆದು, 1872ರಲ್ಲಿ ಆಕೆಯನ್ನು ಪೋ ಮಠಕ್ಕೆ ಹಿಂದಕ್ಕೆ ಕಳುಹಿಸಲಾಯಿತು. ಆಕೆ ದೂರದೆ ಹೋದಳು.

1875ರಲ್ಲಿ ಬೆತ್ಲೆಹೇಮಿನಲ್ಲಿ ಹೊಸ ಕಾರ್ಮೆಲ್ ಕಟ್ಟಲು ಹೊರಟಾಗ, ಅರಬ್ಬೀ ಭಾಷೆ ಬಲ್ಲ ಭಗಿನಿ ಆಕೆಯೊಬ್ಬಳೇ. ಆದ್ದರಿಂದ ಕಟ್ಟಡದ ಕೆಲಸಗಾರರ ಮೇಲ್ವಿಚಾರಣೆ ಈ ಅಕ್ಷರ ಬಾರದ ಸಹಾಯಕಿಯ ಕೈಗೆ ಬಂತು! 1878ರ ಆಗಸ್ಟಿನಲ್ಲಿ ಆ ಕೆಲಸಗಾರರಿಗೆ ಕುಡಿಯುವ ನೀರು ಹೊತ್ತೊಯ್ಯುವಾಗ ಬಿದ್ದು ಕೈ ಮುರಿಯಿತು, ಗಾಯ ಕೊಳೆಯಿತು. ಆಗಸ್ಟ್ 26ರಂದು, ತನ್ನ ಮೂವತ್ತೆರಡನೆಯ ವಯಸ್ಸಿನಲ್ಲಿ, ಆಕೆ ತೀರಿಕೊಂಡಳು. 2015ರ ಮೇ 17ರಂದು ಪೋಪ್ ಫ್ರಾನ್ಸಿಸ್ ಅವರು ಆಕೆಯನ್ನು ಸಂತಳೆಂದು ಘೋಷಿಸಿದರು. ನಮ್ಮ ಕರಾವಳಿಯ ಮಣ್ಣಿನಲ್ಲಿ ಪಾತ್ರೆ ತೊಳೆದ ಕೈಗಳನ್ನು ಇಂದು ಜಗತ್ತು ವಂದಿಸುತ್ತದೆ.

ಕೊನೆಯದಾಗಿ ನಮ್ಮ ಊರಿನ ಮಾತು. ಶತಮಾನೋತ್ಸವದ ಕೆಲಸಕ್ಕಾಗಿ ಹಳೆಯ ಜ್ಞಾನಸ್ನಾನದ ದಾಖಲೆಗಳನ್ನು ನಾನು ತಿರುವಿಹಾಕಿದೆ. ಕೆಲವು ಕಡೆ, ಮಗುವಿನ ಪ್ರಾಣಕ್ಕೆ ಅಪಾಯವಿದ್ದುದರಿಂದ ಮನೆಯಲ್ಲೇ ಸೂಲಗಿತ್ತಿ ಜ್ಞಾನಸ್ನಾನ ಕೊಟ್ಟಳೆಂದು ಬರೆದಿದೆ. 1917ರ ಧರ್ಮಸಂಹಿತೆ, ವಿಶ್ವಾಸಿಗಳು, ಅದರಲ್ಲೂ ಸೂಲಗಿತ್ತಿಯರು, ಜ್ಞಾನಸ್ನಾನದ ಕ್ರಮವನ್ನು ಚೆನ್ನಾಗಿ ಕಲಿತಿರುವಂತೆ ಧರ್ಮಗುರುಗಳು ನೋಡಿಕೊಳ್ಳಬೇಕೆಂದು ವಿಧಿಸಿತ್ತು. ಅಂಥ ಸಂದರ್ಭದಲ್ಲಿ ಹೆಂಗಸಿಗಿಂತ ಗಂಡಸು ಮೇಲು ಎಂದು ಹೇಳಿದ ಆ ಹಳೆಯ ಕಾನೂನೇ, ಕ್ರಮವನ್ನು ಹೆಂಗಸು ಹೆಚ್ಚು ಚೆನ್ನಾಗಿ ಬಲ್ಲವಳಾದರೆ ಆಕೆಯೇ ಕೊಡಲಿ ಎಂದೂ ಹೇಳಿತ್ತು. ಮಳೆಗಾಲದ ನಡುರಾತ್ರಿ, ಹೊಳೆ ತುಂಬಿ ಹರಿಯುವಾಗ, ಗುರುಗಳು ಬರಲಾರದ ಮನೆಯಲ್ಲಿ ಧರ್ಮಸಭೆಯ ಪ್ರತಿನಿಧಿಯಾಗಿ ನಿಂತವಳು ಆ ಸೂಲಗಿತ್ತಿ. ದಾಖಲೆಯಲ್ಲಿ ಮಗುವಿನ ಹೆಸರಿದೆ, ತಂದೆಯ ಹೆಸರಿದೆ, ಗುರುಗಳ ರುಜುವಿದೆ. ಆಕೆಯ ಹೆಸರು ಮಾತ್ರ ಇಲ್ಲ. ‘ಸೂಲಗಿತ್ತಿ’, ಅಷ್ಟೇ.

ಆ ಬರೆದವರನ್ನು ನಾನು ದೂಷಿಸಲಾರೆ. ಏಕೆಂದರೆ ನಾನೂ ಅದೇ ತಪ್ಪು ಮಾಡಿದವನು. ಇಪ್ಪತ್ತೈದು ವರ್ಷಗಳ ಹಿಂದೆ ಈ ದೇವಾಲಯದ ವಜ್ರಮಹೋತ್ಸವದ ಪುಸ್ತಿಕೆಯಲ್ಲಿ ‘ಸೇವೆ ಸಲ್ಲಿಸಿದವರು’ ಎಂಬ ಪಟ್ಟಿಯನ್ನು ತಯಾರಿಸಿದವನು ನಾನೇ. ಧರ್ಮಗುರುಗಳು, ಸಹಾಯಕ ಗುರುಗಳು, ಉಪದೇಶಿಗಳು, ಗುರಿಕಾರರು, ದಾನಿಗಳು, ಕಟ್ಟಡದ ಮೇಸ್ತ್ರಿ, ಎಲ್ಲರ ಹೆಸರನ್ನೂ ಸೇರಿಸಿದೆ. ಪೀಠದ ಬಟ್ಟೆಗಳನ್ನು ಮೂವತ್ತಕ್ಕೂ ಹೆಚ್ಚು ವರ್ಷ ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ, ಶನಿವಾರ ಸಂಜೆ ತಪ್ಪದೆ ತಂದಿಡುತ್ತಿದ್ದವಳು ನನ್ನ ತಾಯಿ. ಆಕೆಯ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಬೇಕೆಂದು ಬಿಟ್ಟದ್ದಲ್ಲ, ನನಗೆ ತೋಚಲೇ ಇಲ್ಲ. ಪುಸ್ತಿಕೆ ಅಚ್ಚಾಗಿ ಬಂದ ದಿನ ಆಕೆ ಕನ್ನಡಕ ಏರಿಸಿಕೊಂಡು ಒಂದೊಂದೇ ಪುಟ ತಿರುವಿದರು. ಪ್ರಧಾನ ಪೀಠದ ಚಿತ್ರವಿದ್ದ ಪುಟದಲ್ಲಿ ಸ್ವಲ್ಪ ಹೊತ್ತು ನಿಂತು, “ಬಟ್ಟೆ ಬೆಳ್ಳಗೆ ಕಾಣುತ್ತದೆ” ಎಂದರು. ಬೇರೇನೂ ಹೇಳಲಿಲ್ಲ. ಇಂದು ಆಕೆ ನಮ್ಮ ಸಮಾಧಿಭೂಮಿಯಲ್ಲಿ ವಿಶ್ರಮಿಸುತ್ತಿದ್ದಾರೆ. ಆ ಪಟ್ಟಿಯನ್ನು ತಿದ್ದಿ ಆಕೆಗೆ ತೋರಿಸುವ ಅವಕಾಶ ನನಗಿನ್ನಿಲ್ಲ.

ಆದರೆ ನಿಮ್ಮಲ್ಲಿ ಅನೇಕರಿಗೆ ಆ ಅವಕಾಶ ಇನ್ನೂ ಇದೆ. ಆದ್ದರಿಂದ ನನ್ನದೊಂದು ವಿನಂತಿ. ಈ ಶತಮಾನೋತ್ಸವದ ವರ್ಷ ಮುಗಿಯುವುದರೊಳಗೆ, ಪ್ರತಿಯೊಂದು ಕುಟುಂಬವೂ ಈ ಧರ್ಮಕೇಂದ್ರಕ್ಕೆ ನೆರವಾದ ಒಬ್ಬ ಹೆಂಗಸಿನ ಹೆಸರನ್ನೂ ಆಕೆ ಮಾಡಿದ ಕೆಲಸವನ್ನೂ ಒಂದು ಹಾಳೆಯಲ್ಲಿ ಬರೆದು ಗುರುಮನೆಗೆ ಕೊಡಲಿ. ‘ಇಂಥವರ ಹೆಂಡತಿ’, ‘ಇಂಥವರ ತಾಯಿ’ ಎಂದು ಬರೆಯಬೇಡಿ. ಜ್ಞಾನಸ್ನಾನದಲ್ಲಿ ಆಕೆಗಿಟ್ಟ ಹೆಸರನ್ನೇ ಬರೆಯಿರಿ. ದೇವಾಲಯ ಗುಡಿಸಿದವಳು, ಮಕ್ಕಳಿಗೆ ಜಪ ಕಲಿಸಿದವಳು, ಹಬ್ಬಕ್ಕೆ ಅನ್ನ ಬೇಯಿಸಿದವಳು, ಸಾವಿನ ಮನೆಯಲ್ಲಿ ಜಪಸರ ನಡೆಸಿದವಳು, ಯಾರೇ ಆಗಲಿ. ನೂರು ವರ್ಷಗಳಲ್ಲಿ ಎಷ್ಟೋ ಹೆಸರುಗಳು ಆಗಲೇ ಮಣ್ಣಾಗಿವೆ. ನೆನಪಿರುವ ಅಜ್ಜಂದಿರೂ ಅಜ್ಜಿಯರೂ ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಸಂತ ಪೌಲರು ಬಂಧನಗಳ ನಡುವೆಯೂ ಪ್ರಯಾಣಗಳ ನಡುವೆಯೂ ಬಿಡುವು ಮಾಡಿಕೊಂಡು ಬರೆದ ಹೆಸರುಗಳನ್ನು ನಾವು ಎರಡು ಸಾವಿರ ವರ್ಷಗಳ ಮೇಲೂ ಓದುತ್ತಿದ್ದೇವೆ. ಒಂದು ಹಾಳೆ ಬರೆಯಲು ನಮಗೆ ಬಿಡುವಿಲ್ಲವೇ?

ನನ್ನ ಹಾಳೆಯನ್ನು ಇಂದೇ ಪೂಜ್ಯ ಗುರುಗಳ ಕೈಗೊಪ್ಪಿಸುತ್ತಿದ್ದೇನೆ. ಅದರಲ್ಲಿ ಒಂದೇ ಹೆಸರಿದೆ. ಕೆಲಸ ಎಂಬಲ್ಲಿ ‘ಪೀಠದ ಬಟ್ಟೆ’ ಎಂದು ಬರೆದಿದ್ದೇನೆ.

ನಮ್ಮೆಲ್ಲರ ನೆರವಾದ ಸರ್ವೇಶ್ವರನು, ನೆರವಾದವರ ಹೆಸರುಗಳನ್ನೆಲ್ಲ ತನ್ನ ಜೀವದ ಪುಸ್ತಕದಲ್ಲಿ ಬರೆದಿರುವನೆಂಬ ಭರವಸೆಯೊಂದಿಗೆ, ನನ್ನ ಮಾತನ್ನು ಮುಗಿಸುತ್ತೇನೆ. ಯೇಸುವಿಗೆ ಸ್ತೋತ್ರ.